ಹಳೇ ಐಪಾಡ್, ಎಂಪಿ3 ಪ್ಲೇಯರ್‌ನಲ್ಲಿ ಉಳಿದುಹೋದ ಹಾಡು ವಾಪಸ್ ತೆಗೆಯೋದು ಹೇಗೆ? ‘ಸಿಂಕ್’ ಒತ್ತುವ ಮುನ್ನ ಇದನ್ನು ಓದಿ

ಬೀರುವಿನ ಡ್ರಾಯರ್ ಎಳೆದರೆ ಹಳೇ ಚಾರ್ಜರ್, ಒಡೆದ ರಿಮೋಟ್, ಮದುವೆ ಸಿ.ಡಿ.ಗಳ ನಡುವೆ ಒಂದು ಪುಟ್ಟ ಮ್ಯೂಸಿಕ್ ಪ್ಲೇಯರ್ ಎಷ್ಟೋ ಮನೆಗಳಲ್ಲಿ ಈಗಲೂ ಸಿಗುತ್ತದೆ. ಅದು ಅಮೆರಿಕದಲ್ಲಿರುವ ಮಗನೋ, ದುಬೈನಲ್ಲಿರುವ ಭಾವನೋ ತಂದುಕೊಟ್ಟ ಐಪಾಡ್ ಇರಬಹುದು. ಜಾತ್ರೆಯಲ್ಲಿ ಕೊಂಡ ಚೀನಾ ಎಂಪಿ3 ಪ್ಲೇಯರ್ ಇರಬಹುದು. ಕೀಪ್ಯಾಡ್ ಮೊಬೈಲಿನಿಂದ ತೆಗೆದು ಬೆಂಕಿಪೊಟ್ಟಣದಲ್ಲಿ ಇಟ್ಟ ಮೆಮೊರಿ ಕಾರ್ಡೂ ಇರಬಹುದು.

‘ಹಾಡು ತಾನೆ, ಯೂಟ್ಯೂಬ್‌ನಲ್ಲಿ ಎಲ್ಲಾ ಸಿಗುತ್ತೆ ಬಿಡಿ’ ಎನ್ನುವವರಿದ್ದಾರೆ. ಸಿನಿಮಾ ಹಾಡಿನ ಮಟ್ಟಿಗೆ ಆ ಮಾತು ಬಹುಮಟ್ಟಿಗೆ ನಿಜ. ಆದರೆ ತೀರಿಹೋದ ಅಜ್ಜಿ ಹಾಡಿದ ಸೋಬಾನೆ ಪದ, ಊರಿನ ಭಜನಾ ಮಂಡಳಿಯವರು ಏಕಾದಶಿ ರಾತ್ರಿ ಹಾಡಿದ್ದು, ಮೊಬೈಲಿನಲ್ಲೇ ರೆಕಾರ್ಡ್ ಮಾಡಿಕೊಂಡ ಬಯಲಾಟ, ಇವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಇಡೀ ಲೋಕದಲ್ಲಿ ಅವುಗಳ ಒಂದೇ ಒಂದು ಪ್ರತಿ ಆ ಡ್ರಾಯರ್‌ನಲ್ಲಿದೆ.

ಹೌದು, ಆ ಒಂದು ಪ್ರತಿಯನ್ನು ಹೊರತೆಗೆಯಲು ಸಾಧ್ಯವಿದೆ. ಬಹಳಷ್ಟು ಸಲ ಕಾಸು ಖರ್ಚಿಲ್ಲದೆ ಮನೆಯಲ್ಲೇ ಆಗುತ್ತದೆ. ಆದರೆ ಅವಸರದಲ್ಲಿ ಒತ್ತಿದ ಒಂದು ಬಟನ್‌ನಿಂದ ಎಲ್ಲವೂ ಅಳಿಸಿಹೋಗುವುದೂ ಉಂಟು. ಹಾಗಾಗಿ ಈ ಕೆಲಸಕ್ಕೆ ಒಂದೇ ಸೂತ್ರ: ಮೊದಲು ನಕಲು, ಆಮೇಲೆ ರಿಪೇರಿ.

ಗೋಡೌನ್ ಬೇರೆ, ಲೆಕ್ಕದ ಪುಸ್ತಕ ಬೇರೆ

ಮೊದಲು ಪ್ಲೇಯರ್ ಒಳಗೆ ಏನಿದೆ ಎಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಒಂದು ಕಿರಾಣಿ ಅಂಗಡಿ ನೆನಪಿಸಿಕೊಳ್ಳಿ. ಮೂಟೆಗಳೆಲ್ಲ ಗೋಡೌನ್‌ನಲ್ಲಿ. ಯಾವ ಮೂಟೆ ಎಲ್ಲಿದೆ, ಯಾರಿಗೆ ಎಷ್ಟು ಹೋಗಬೇಕು ಎನ್ನುವುದು ಗಲ್ಲಾಪೆಟ್ಟಿಗೆ ಪಕ್ಕದ ಪುಸ್ತಕದಲ್ಲಿ.

ಮ್ಯೂಸಿಕ್ ಪ್ಲೇಯರ್ ಕೂಡ ಹಾಗೇ. ಹಾಡಿನ ಫೈಲ್‌ಗಳು ಒಂದು ಕಡೆ ಇರುತ್ತವೆ. ಯಾವ ಹಾಡಿನ ನಂತರ ಯಾವುದು ಎಂದು ನೀವು ಕೂತು ಜೋಡಿಸಿದ ಪ್ಲೇಲಿಸ್ಟ್ ಇನ್ನೊಂದು ಕಡೆ, ಬೇರೆಯೇ ಫೈಲ್‌ನಲ್ಲಿ ಇರುತ್ತದೆ. ಪ್ಲೇಲಿಸ್ಟ್‌ನಲ್ಲಿ ಹಾಡು ಇರುವುದಿಲ್ಲ, ಹಾಡಿನ ವಿಳಾಸ ಮಾತ್ರ ಇರುತ್ತದೆ.

ಇದರಿಂದ ಎರಡು ಮಾತು ಗೊತ್ತಾಗುತ್ತವೆ. ಒಂದು, ಹಾಡುಗಳನ್ನು ಮಾತ್ರ ಕಾಪಿ ಮಾಡಿದರೆ ಪ್ಲೇಲಿಸ್ಟ್ ಬರುವುದಿಲ್ಲ. ಎರಡು, ಪ್ಲೇಯರ್‌ನ ಪರದೆಯಲ್ಲಿ ‘ಹಾಡುಗಳಿಲ್ಲ’ ಎಂದು ತೋರಿಸಿದ ಮಾತ್ರಕ್ಕೆ ಹಾಡು ಹೋಗಿದೆ ಎಂದಲ್ಲ. ಪುಸ್ತಕ ಹರಿದಿರಬಹುದು, ಗೋಡೌನ್‌ನಲ್ಲಿ ಮೂಟೆ ಹಾಗೇ ಇರಬಹುದು.

ಕೇಬಲ್ ಚುಚ್ಚುವ ಮುನ್ನ

ಮೊದಲು ಪ್ಲೇಯರ್ ಅನ್ನು ಅಂಗೈ ಮೇಲಿಟ್ಟು ನೋಡಿ. ಹಿಂಬದಿ ಉಬ್ಬಿದೆಯೇ? ಪರದೆ ಮೇಲೆದ್ದಿದೆಯೇ? ಹಾಗಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದನ್ನು ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ, ಚೂಪಾದ ವಸ್ತುವಿನಿಂದ ಕೆದಕಬೇಡಿ. ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ. ಅನುಭವವಿರುವ ಮೊಬೈಲ್ ರಿಪೇರಿಯವರಿಂದ ಬ್ಯಾಟರಿ ತೆಗೆಸಿ. ಹಾಡುಗಳು ಬ್ಯಾಟರಿಯಲ್ಲಿ ಇರುವುದಿಲ್ಲ, ಹಾಗಾಗಿ ಅದನ್ನು ಬದಲಿಸಿದರೆ ಹಾಡಿಗೆ ಏನೂ ಆಗದು.

ಬ್ಯಾಟರಿ ಸರಿಯಿದ್ದರೆ ಚಾರ್ಜ್‌ಗೆ ಹಾಕಿ. ವರ್ಷಗಟ್ಟಲೆ ಖಾಲಿ ಬಿದ್ದಿದ್ದರೆ ಪರದೆ ತಕ್ಷಣ ಬೆಳಗುವುದಿಲ್ಲ. ‘ಸತ್ತೋಗಿದೆ’ ಎಂದು ಐದೇ ನಿಮಿಷಕ್ಕೆ ಕೈಬಿಡಬೇಡಿ, ಅರ್ಧ ಗಂಟೆಯಾದರೂ ಕಾಯಿರಿ. ಹೊಸ ಮೊಬೈಲ್‌ಗಳ ಫಾಸ್ಟ್ ಚಾರ್ಜರ್ ಬದಲು ಸಾದಾ 5 ವೋಲ್ಟ್ ಚಾರ್ಜರ್ ಬಳಸುವುದು ಒಳ್ಳೆಯದು.

ಪರದೆ ಬೆಳಗಿದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ, ಅದಕ್ಕೆ ಕಂಪ್ಯೂಟರೇ ಬೇಡ. ಪ್ಲೇಲಿಸ್ಟ್‌ಗಳನ್ನು ಒಂದೊಂದಾಗಿ ತೆರೆದು, ಕೆಳಗೆ ಸರಿಸುತ್ತಾ, ಪರದೆಯ ಫೋಟೋವನ್ನು ನಿಮ್ಮ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಮುಂದೆ ಏನೇ ಎಡವಟ್ಟಾದರೂ ಯಾವ ಹಾಡಿನ ನಂತರ ಯಾವುದು ಎಂಬ ಲೆಕ್ಕ ಕೈಯಲ್ಲಿ ಉಳಿಯುತ್ತದೆ. ಹತ್ತು ನಿಮಿಷದ ಕೆಲಸ, ಆದರೆ ಎಲ್ಲಕ್ಕಿಂತ ಗಟ್ಟಿಯಾದ ವಿಮೆ.

ಕೇಬಲ್ ವಿಷಯದಲ್ಲೂ ಎಚ್ಚರ ಬೇಕು. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟ್ ಹರಿಯುವ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಪ್ಲೇಯರ್ ಚಾರ್ಜ್ ಆಗುತ್ತದೆ, ಕಂಪ್ಯೂಟರ್‌ಗೆ ಮಾತ್ರ ಕಾಣುವುದಿಲ್ಲ. ‘ಪ್ಲೇಯರ್ ಹೋಗಿದೆ’ ಎಂದು ತೀರ್ಮಾನಿಸುವ ಮುನ್ನ ಕೇಬಲ್ ಬದಲಿಸಿ ನೋಡಿ. ಹಳೇ ಐಪಾಡ್‌ಗಳಿಗೆ 30 ಪಿನ್‌ನ ಅಗಲ ಕೇಬಲ್ ಬೇಕು. ಹಳೇ ಎಂಪಿ3 ಪ್ಲೇಯರ್‌ಗಳಲ್ಲಿ ಹೆಚ್ಚಾಗಿ ಮಿನಿ ಯುಎಸ್‌ಬಿ ಇರುತ್ತದೆ. ಹಿಂದೆ ಡಿಜಿಟಲ್ ಕ್ಯಾಮೆರಾಗಳ ಜೊತೆ ಬರುತ್ತಿದ್ದ ಕೇಬಲ್ ಅದಕ್ಕೆ ಆಗುತ್ತದೆ.

ಐಪಾಡ್ ಆದರೆ: ದೊಡ್ಡ ಗಂಡಾಂತರ ‘ಸಿಂಕ್’

ಆ್ಯಪಲ್ ಕಂಪನಿ ಮೊದಲ ಐಪಾಡ್ ಅನ್ನು 2001ರ ಅಕ್ಟೋಬರ್‌ನಲ್ಲಿ ಹೊರತಂದಿತು. ಆಗ ಅದರಲ್ಲಿ 5 ಜಿಬಿ ಜಾಗ, ಸುಮಾರು 1000 ಹಾಡು. ನಂತರ ಮಿನಿ, ನ್ಯಾನೊ, ಶಫಲ್, ಕ್ಲಾಸಿಕ್, ಟಚ್ ಎಂದು ಹಲವು ಬಗೆ ಬಂದವು. 2022ರ ಮೇ ತಿಂಗಳಲ್ಲಿ ಕಂಪನಿ ಐಪಾಡ್ ಮಾರಾಟಕ್ಕೇ ಮಂಗಳ ಹಾಡಿತು. ಈಗ ಮನೆಗಳಲ್ಲಿ ಇರುವುದೆಲ್ಲ ಹಳೇ ಸರಕು.

ಐಪಾಡ್‌ಗೆ ಹಾಡು ಹಾಕುವ ಐಟ್ಯೂನ್ಸ್ ತಂತ್ರಾಂಶದ ‘ಸಿಂಕ್’ ಒಂದೇ ದಿಕ್ಕಿನ ರಸ್ತೆ. ಕಂಪ್ಯೂಟರ್‌ನಲ್ಲಿ ಏನಿದೆಯೋ ಅದನ್ನೇ ಐಪಾಡ್‌ಗೆ ತುಂಬಿಸುತ್ತದೆ. ಐಪಾಡ್‌ನಲ್ಲಿದ್ದು ಕಂಪ್ಯೂಟರ್‌ನಲ್ಲಿ ಇಲ್ಲದ್ದನ್ನು ಅಳಿಸುತ್ತದೆ. ಹಾಡು ತುಂಬಿಸಿದ ಆ ಹಳೇ ಕಂಪ್ಯೂಟರ್ ಗುಜರಿಗೆ ಹೋಗಿ ವರ್ಷಗಳಾಗಿರುತ್ತವೆ. ಈಗ ಹೊಸ ಲ್ಯಾಪ್‌ಟಾಪ್‌ಗೆ ಐಪಾಡ್ ಚುಚ್ಚಿದರೆ, ‘ಇದು ಬೇರೆ ಲೈಬ್ರರಿಗೆ ಸೇರಿದ್ದು, ಅಳಿಸಿ ಸಿಂಕ್ ಮಾಡಬೇಕೇ?’ ಎಂಬರ್ಥದ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ‘ಎರೇಸ್ ಆ್ಯಂಡ್ ಸಿಂಕ್’ ಒತ್ತಿದರೆ ಮುಗಿಯಿತು. ಖಾಲಿ ಲೈಬ್ರರಿ ಐಪಾಡ್ ಮೇಲೆ ಕೂರುತ್ತದೆ. ಒತ್ತಬೇಕಾದ್ದು ‘ಕ್ಯಾನ್ಸಲ್’ ಒಂದೇ.

ಕಂಪ್ಯೂಟರ್‌ನಲ್ಲಿ ಐಟ್ಯೂನ್ಸ್ ಇದ್ದರೆ, ಐಪಾಡ್ ಜೋಡಿಸುವ ಮೊದಲೇ ಅದರ ಪ್ರಿಫರೆನ್ಸಸ್‌ಗೆ ಹೋಗಿ, ಡಿವೈಸಸ್ ವಿಭಾಗದಲ್ಲಿ ತಾನೇತಾನಾಗಿ ಸಿಂಕ್ ಆಗುವುದನ್ನು ತಡೆಯುವ ಆಯ್ಕೆಗೆ ಟಿಕ್ ಹಾಕಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಐಪಾಡ್ ಚುಚ್ಚುವಾಗ ಶಿಫ್ಟ್ ಮತ್ತು ಕಂಟ್ರೋಲ್ ಕೀಗಳನ್ನು ಒಟ್ಟಿಗೆ ಹಿಡಿದುಕೊಂಡರೂ ಆ ಸಲದ ಸಿಂಕ್ ತಪ್ಪುತ್ತದೆ. ಐಟ್ಯೂನ್ಸ್ ಇಲ್ಲವೇ ಇಲ್ಲ ಎಂದರೆ ಇನ್ನೂ ಒಳ್ಳೆಯದು. ಹಾಡು ಹೊರತೆಗೆಯಲು ಅದು ಬೇಕಿಲ್ಲ.

ಇದೇ ಜಾತಿಯ ಇನ್ನೆರಡು ಬಲೆಗಳಿವೆ. ಐಪಾಡ್ ಅನ್ನು ಮೊದಲು ಮ್ಯಾಕ್ ಕಂಪ್ಯೂಟರ್ ಜೊತೆ ಬಳಸಿದ್ದರೆ (ವಿದೇಶದಿಂದ ಬಂದದ್ದಾದರೆ ಹೀಗಿರುವ ಸಾಧ್ಯತೆ ಇದೆ) ಅದರ ಡಿಸ್ಕನ್ನು ವಿಂಡೋಸ್ ಓದಲಾರದು. ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳುತ್ತದೆ. ಐಟ್ಯೂನ್ಸ್ ಆದರೆ ‘ರೀಸ್ಟೋರ್ ಮಾಡಿ’ ಎನ್ನುತ್ತದೆ. ಎರಡರ ಅರ್ಥವೂ ಒಂದೇ: ಅಳಿಸಿಬಿಡಿ. ‘ರೀಸ್ಟೋರ್’ ಎಂದರೆ ಹಾಡು ವಾಪಸ್ ಬರುತ್ತದೆ ಎಂದುಕೊಂಡು ಒತ್ತಿದವರು ಮೋಸಹೋಗುತ್ತಾರೆ. ವಾಪಸ್ ಬರುವುದು ಐಪಾಡ್, ಹಾಡಲ್ಲ.

ಅಡಗಿಸಿಟ್ಟ ಫೋಲ್ಡರ್ ಎಲ್ಲಿದೆ?

ನ್ಯಾನೊ, ಕ್ಲಾಸಿಕ್‌ನಂಥ ಐಪಾಡ್‌ಗಳು ನಿಜವಾಗಿ ಒಂದು ಪೆನ್‌ಡ್ರೈವ್ ಇದ್ದ ಹಾಗೆ. ಕಂಪ್ಯೂಟರ್‌ಗೆ ಜೋಡಿಸಿದಾಗ ಡ್ರೈವ್ ಆಗಿ ಕಾಣದಿದ್ದರೆ ‘ಡಿಸ್ಕ್ ಮೋಡ್’ಗೆ ಹಾಕಬೇಕು. ತಿರುಗುವ ಚಕ್ರವಿರುವ ಬಹುತೇಕ ಮಾದರಿಗಳಲ್ಲಿ ಮೆನು ಮತ್ತು ನಡುವಿನ ಬಟನ್ ಎರಡನ್ನೂ ಸೇಬಿನ ಗುರುತು ಬರುವವರೆಗೆ ಒತ್ತಿ ಹಿಡಿಯಿರಿ. ಗುರುತು ಬಂದ ತಕ್ಷಣ ಅವನ್ನು ಬಿಟ್ಟು, ನಡುವಿನ ಬಟನ್ ಮತ್ತು ಪ್ಲೇ ಬಟನ್ ಎರಡನ್ನೂ ಒತ್ತಿ ಹಿಡಿಯಿರಿ. ಇದರಿಂದ ಹಾಡು ಅಳಿಸುವುದಿಲ್ಲ.

ಡ್ರೈವ್ ತೆರೆದರೆ ಹಾಡುಗಳು ಕಾಣುವುದಿಲ್ಲ. ಗಾಬರಿ ಬೇಡ. ಅವು ಅಡಗಿಸಿಟ್ಟ ಫೋಲ್ಡರ್‌ನಲ್ಲಿವೆ. ವಿಂಡೋಸ್ 10ರಲ್ಲಿ ಫೋಲ್ಡರ್ ಕಿಟಕಿಯ ಮೇಲಿನ ‘ವ್ಯೂ’ ಒತ್ತಿ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿ. ವಿಂಡೋಸ್ 11ರಲ್ಲಿ ‘ವ್ಯೂ’ ಒಳಗಿನ ‘ಶೋ’ದಲ್ಲಿ ಅದೇ ಆಯ್ಕೆ ಇದೆ. ಆಗ ‘ಐಪಾಡ್ ಕಂಟ್ರೋಲ್’ ಎಂಬ ಫೋಲ್ಡರ್ ಕಾಣಿಸುತ್ತದೆ. ಅದರೊಳಗೆ ‘ಮ್ಯೂಸಿಕ್’. ಅದರೊಳಗೆ ಎಫ್00, ಎಫ್01, ಎಫ್02 ಎಂದು ಸಾಲು ಸಾಲು ಫೋಲ್ಡರ್‌ಗಳು. ಹಾಡುಗಳೆಲ್ಲ ಅಲ್ಲಿ ಹಂಚಿಹೋಗಿವೆ.

ತೆರೆದು ನೋಡಿದರೆ ಹಾಡಿನ ಹೆಸರಿಲ್ಲ. ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರು ಮಾತ್ರ ಇರುತ್ತದೆ. ‘ಎಲ್ಲಾ ಕಲಸುಮೇಲೋಗರ ಆಗಿದೆ’ ಎಂದು ಅನ್ನಿಸುವುದು ಸಹಜ. ಆದರೆ ಹಾಡಿನ ಹೆಸರು, ಗಾಯಕರು, ಚಿತ್ರದ ಹೆಸರು ಫೈಲ್ ಹೆಸರಿನಲ್ಲಿ ಮಾತ್ರ ಇರುವುದಲ್ಲ, ಫೈಲ್‌ನ ಒಳಗೇ ಚೀಟಿಯಂತೆ ಅಂಟಿರುತ್ತದೆ. ಇದಕ್ಕೆ ಟ್ಯಾಗ್ ಎನ್ನುತ್ತಾರೆ. ವಿಎಲ್‌ಸಿ ಅಥವಾ ಬೇರೆ ಯಾವುದೇ ಮ್ಯೂಸಿಕ್ ತಂತ್ರಾಂಶಕ್ಕೆ ಈ ಫೈಲ್ ಕೊಟ್ಟರೆ ಚೀಟಿ ಓದಿ ಹೆಸರು ತೋರಿಸುತ್ತದೆ. ಎಂಪಿ3ಟ್ಯಾಗ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲ ಫೈಲ್‌ಗಳನ್ನೂ ಆರಿಸಿ, ಟ್ಯಾಗ್‌ನಲ್ಲಿರುವ ಹೆಸರನ್ನೇ ಫೈಲ್ ಹೆಸರಾಗಿ ಒಂದೇ ಏಟಿಗೆ ಬದಲಿಸಬಹುದು.

ನೆನಪಿಡಿ, ಹೆಸರು ಬದಲಿಸುವುದು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡ ಪ್ರತಿಯಲ್ಲಿ ಮಾತ್ರ. ಐಪಾಡ್ ಒಳಗಿನ ಒಂದು ಫೈಲನ್ನೂ ಮುಟ್ಟಬೇಡಿ. ‘ಮ್ಯೂಸಿಕ್’ ಒಂದನ್ನೇ ಅಲ್ಲ, ‘ಐಪಾಡ್ ಕಂಟ್ರೋಲ್’ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಪಕ್ಕದಲ್ಲಿ ‘ರೆಕಾರ್ಡಿಂಗ್ಸ್’ ಎಂಬ ಫೋಲ್ಡರ್ ಇದ್ದರೆ ಅದನ್ನು ಮೊದಲು ತೆಗೆಯಿರಿ. ಮೈಕ್ ಹಾಕಿ ರೆಕಾರ್ಡ್ ಮಾಡಿದ ದನಿ ಅಲ್ಲಿರುತ್ತದೆ. ಹಾಡು ಜಾಸ್ತಿ ಇದ್ದರೆ ಒಂದೆರಡು ಗಂಟೆ ಹಿಡಿಯಬಹುದು. ನಡುವೆ ಕೇಬಲ್ ಎಳೆಯಬೇಡಿ.

ಐಪಾಡ್ ಟಚ್ ಮಾತ್ರ ಈ ದಾರಿಗೆ ಬಗ್ಗುವುದಿಲ್ಲ. ಅದು ಐಫೋನ್ ಜಾತಿಯದ್ದು, ಡ್ರೈವ್ ಆಗಿ ತೆರೆದುಕೊಳ್ಳುವುದಿಲ್ಲ. ಅದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕು. ಐಟ್ಯೂನ್ಸ್ ಅಂಗಡಿಯಲ್ಲಿ ಕಾಸು ಕೊಟ್ಟು ಕೊಂಡ ಹಾಡಾದರೆ, ಅದೇ ಆ್ಯಪಲ್ ಐಡಿಯಲ್ಲಿ ಲಾಗಿನ್ ಆಗಿ ಮತ್ತೆ ಇಳಿಸಿಕೊಳ್ಳಲು ಆಗುತ್ತದೆಯೇ ಎಂದು ಮೊದಲು ನೋಡಿ. 2009ಕ್ಕಿಂತ ಹಿಂದೆ ಕೊಂಡ ಕೆಲವು ಹಾಡುಗಳಿಗೆ ಬೀಗವಿರುತ್ತದೆ, ಆ ಐಡಿ ಇಲ್ಲದೆ ಅವು ಬೇರೆ ಕಡೆ ನುಡಿಯುವುದಿಲ್ಲ.

ಹಾಡು ಬಂತು, ಪ್ಲೇಲಿಸ್ಟ್ ಎಲ್ಲಿ?

ಐಪಾಡ್‌ನ ಲೆಕ್ಕದ ಪುಸ್ತಕ ‘ಐಪಾಡ್ ಕಂಟ್ರೋಲ್’ ಒಳಗಿನ ‘ಐಟ್ಯೂನ್ಸ್’ ಫೋಲ್ಡರ್‌ನಲ್ಲಿ, ‘ಐಟ್ಯೂನ್ಸ್ ಡಿಬಿ’ ಎಂಬ ಫೈಲ್‌ನಲ್ಲಿದೆ. ಪ್ಲೇಲಿಸ್ಟ್, ಎಷ್ಟು ಸಲ ಕೇಳಿದ್ದೀರಿ, ಎಷ್ಟು ನಕ್ಷತ್ರ ಕೊಟ್ಟಿದ್ದೀರಿ ಎಲ್ಲವೂ ಅಲ್ಲಿ ದಾಖಲು. ಆದರೆ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಓದಲಾಗುವುದಿಲ್ಲ, ಅದರ ಭಾಷೆ ಬೇರೆ.

ಅದನ್ನು ಓದಬಲ್ಲ ಉಚಿತ ತಂತ್ರಾಂಶಗಳಿವೆ. ಲಿನಕ್ಸ್‌ನಲ್ಲಿ ಓಡುವ ರಿದಮ್‌ಬಾಕ್ಸ್ ಅವುಗಳಲ್ಲೊಂದು. ಕಂಪ್ಯೂಟರ್ ಗೊತ್ತಿರುವ ಹುಡುಗರು ಮನೆಯಲ್ಲಿದ್ದರೆ ಒಂದು ಖಾಲಿ ಪೆನ್‌ಡ್ರೈವ್‌ಗೆ ಉಬುಂಟು ಹಾಕಿಸಿ, ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿಸಿ. ‘ಟ್ರೈ’ ಎಂಬ ಆಯ್ಕೆ ಒತ್ತಿದರೆ ಇದ್ದ ವಿಂಡೋಸ್‌ಗೆ ಏನೂ ಆಗುವುದಿಲ್ಲ. ರಿದಮ್‌ಬಾಕ್ಸ್ ತೆರೆದು ಐಪಾಡ್ ಜೋಡಿಸಿದರೆ ಹಾಡುಗಳು ಹೆಸರಿನ ಸಮೇತ, ಪ್ಲೇಲಿಸ್ಟ್ ಸಮೇತ ಕಾಣಿಸಿಕೊಳ್ಳುತ್ತವೆ. ಮ್ಯಾಕ್ ಜೊತೆ ಬಳಸಿದ ಐಪಾಡನ್ನೂ ಲಿನಕ್ಸ್ ಓದಬಲ್ಲದು ಎನ್ನುವುದು ಇನ್ನೊಂದು ಅನುಕೂಲ.

ಇದೆಲ್ಲ ಕಷ್ಟ ಎನಿಸಿದರೆ ಮೊದಲೇ ತೆಗೆದ ಫೋಟೋಗಳು ಇವೆಯಲ್ಲ, ಅವನ್ನು ನೋಡಿಕೊಂಡು ಪಟ್ಟಿ ಮತ್ತೆ ಕಟ್ಟಬಹುದು.

ಸಾದಾ ಎಂಪಿ3 ಪ್ಲೇಯರ್, ಮೆಮೊರಿ ಕಾರ್ಡ್

ಇಲ್ಲಿ ಕೆಲಸ ಸರಳ. ಜೋಡಿಸಿದರೆ ಪೆನ್‌ಡ್ರೈವ್‌ನಂತೆ ತೆರೆಯುತ್ತದೆ, ಹಾಡುಗಳು ಕಣ್ಣೆದುರೇ ಇರುತ್ತವೆ. ಇಡೀ ಡ್ರೈವನ್ನು ಕಂಪ್ಯೂಟರ್‌ನ ಒಂದು ಹೊಸ ಫೋಲ್ಡರ್‌ಗೆ ಕಾಪಿ ಮಾಡಿ. ‘ಇದು ಬೇಡ, ಅದು ಬೇಡ’ ಎಂದು ಆರಿಸಲು ಹೋಗಬೇಡಿ. ಸಾದಾ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ. ಅಂದರೆ 2 ಜಿಬಿ ಕಾರ್ಡ್ ತುಂಬ ಇದ್ದರೂ ಐದು ನಿಮಿಷದ 400 ಹಾಡು ಅಷ್ಟೆ. ಇವತ್ತಿನ ಲೆಕ್ಕದಲ್ಲಿ ಇದು ದೊಡ್ಡ ಜಾಗವೇ ಅಲ್ಲ.

‘ವಾಯ್ಸ್’ ಅಥವಾ ‘ರೆಕಾರ್ಡ್’ ಎಂಬ ಹೆಸರಿನ ಫೋಲ್ಡರ್ ಇದ್ದರೆ ತಪ್ಪದೆ ನೋಡಿ. ಅಲ್ಲಿರುವ ಫೈಲ್‌ಗಳಿಗೆ ಬರೀ ನಂಬರ್ ಇರುತ್ತದೆ. ಹಳೇ ಕೀಪ್ಯಾಡ್ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದರೆ ಎಎಂಆರ್ ಎಂಬ ಬಗೆಯ ಫೈಲ್ ಇರುತ್ತದೆ. ಎಷ್ಟೋ ಪ್ಲೇಯರ್‌ಗಳಲ್ಲಿ ನುಡಿಯದ ಈ ಫೈಲ್‌ಗಳನ್ನು ‘ಕೆಟ್ಟಿದೆ’ ಎಂದು ಅಳಿಸುವ ಮುನ್ನ ವಿಎಲ್‌ಸಿಯಲ್ಲಿ ಹಾಕಿ ಕೇಳಿ.

ಈ ಪ್ಲೇಯರ್‌ಗಳ ಪ್ಲೇಲಿಸ್ಟ್ ಹೆಚ್ಚಾಗಿ ಎಂ3ಯು ಎಂಬ ಬಗೆಯದು. ಇದು ಸಾದಾ ಬರಹದ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲಿಗೊಂದರಂತೆ ಹಾಡಿನ ವಿಳಾಸಗಳು ಕಾಣುತ್ತವೆ. ಹಾಡುಗಳು ಬೇರೆ ಡ್ರೈವ್‌ಗೆ ಹೋದಾಗ ವಿಳಾಸ ತಪ್ಪುತ್ತದೆ, ಪ್ಲೇಲಿಸ್ಟ್ ಖಾಲಿ ಕಾಣುತ್ತದೆ. ಮನೆ ಬದಲಾಯಿಸಿದವರಿಗೆ ಹಳೇ ವಿಳಾಸಕ್ಕೆ ಕಾಗದ ಹಾಕಿದ ಹಾಗೆ. ನೋಟ್‌ಪ್ಯಾಡ್‌ನ ‘ರೀಪ್ಲೇಸ್’ ಬಳಸಿ ಹಳೇ ಡ್ರೈವ್, ಫೋಲ್ಡರ್ ಹೆಸರಿನ ಜಾಗದಲ್ಲಿ ಹೊಸದನ್ನು ಹಾಕಿ. ಇನ್ನೂ ಸುಲಭ ಬೇಕೆಂದರೆ ಹಾಡುಗಳನ್ನೂ ಎಂ3ಯು ಫೈಲನ್ನೂ ಒಂದೇ ಫೋಲ್ಡರ್‌ನಲ್ಲಿಟ್ಟು, ಪ್ರತಿ ಸಾಲಿನಲ್ಲಿ ಹಾಡಿನ ಫೈಲ್ ಹೆಸರು ಮಾತ್ರ ಉಳಿಸಿ. ಆಗ ಆ ಫೋಲ್ಡರ್ ಎಲ್ಲಿಗೆ ಹೋದರೂ ಪಟ್ಟಿ ಕೆಲಸ ಮಾಡುತ್ತದೆ.

ಅಳಿಸಿಯೇ ಹೋಗಿದ್ದರೆ?

‘ಮಗು ಕೈಯಲ್ಲಿ ಫಾರ್ಮ್ಯಾಟ್ ಆಗೋಯ್ತು’, ‘ಗೊತ್ತಿಲ್ದೆ ಡಿಲೀಟ್ ಒತ್ಬಿಟ್ಟೆ’ ಎಂದು ಬರುವವರಿಗೂ ಆಸೆ ಬಿಡಬೇಕಾಗಿಲ್ಲ. ಮೆಮೊರಿ ಕಾರ್ಡ್‌ನಲ್ಲಿ ಡಿಲೀಟ್ ಒತ್ತಿದಾಗ ಹಾಡು ತಕ್ಷಣ ಅಳಿಯುವುದಿಲ್ಲ. ‘ಈ ಜಾಗ ಖಾಲಿ, ಯಾರು ಬೇಕಾದರೂ ಬರಬಹುದು’ ಎಂದು ಪುಸ್ತಕದಲ್ಲಿ ಗುರುತು ಬೀಳುತ್ತದೆ ಅಷ್ಟೆ. ಅವಸರದ ‘ಕ್ವಿಕ್ ಫಾರ್ಮ್ಯಾಟ್’ನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಆ ಜಾಗಕ್ಕೆ ಹೊಸ ಹಾಡು ಬಂದು ಕೂತಾಗಲೇ ಹಳೆಯದು ನಿಜವಾಗಿ ಹೋಗುವುದು.

ಹಾಗಾಗಿ ತಪ್ಪಾಗಿದೆ ಎಂದು ಗೊತ್ತಾದ ಗಳಿಗೆಯಿಂದ ಆ ಕಾರ್ಡ್ ಬಳಸುವುದನ್ನು ನಿಲ್ಲಿಸಿ. ಹೊಸ ಹಾಡು ಹಾಕಬೇಡಿ, ಫೋಟೋ ತೆಗೆಯಬೇಡಿ, ಮೊಬೈಲಿನಿಂದ ಹೊರತೆಗೆದಿಡಿ. ಕಂಪ್ಯೂಟರ್‌ಗೆ ಹಾಕಿದಾಗ ‘ಸ್ಕ್ಯಾನ್ ಆ್ಯಂಡ್ ಫಿಕ್ಸ್’ ಎಂದು ಕೇಳಿದರೆ ಬೇಡ ಎನ್ನಿ. ಆ ಸರಿಪಡಿಸುವಿಕೆ ಕಾರ್ಡ್ ಮೇಲೆ ಬರೆಯುತ್ತದೆ. ಸಣ್ಣ ಕಾರ್ಡ್ ಹಾಕುವ ದೊಡ್ಡ ಅಡಾಪ್ಟರ್‌ನ ಪಕ್ಕದಲ್ಲಿ ಪುಟ್ಟ ಲಾಕ್ ಇರುತ್ತದೆ. ಅದನ್ನು ಕೆಳಕ್ಕೆ ಸರಿಸಿ ಹಾಕಿದರೆ ಕಂಪ್ಯೂಟರ್ ಸಾಮಾನ್ಯವಾಗಿ ಓದುತ್ತದೆಯೇ ಹೊರತು ಬರೆಯುವುದಿಲ್ಲ.

ಇನ್ನು ಹುಡುಕುವ ಕೆಲಸ. ರಿಕೂವಾ, ಫೋಟೋರೆಕ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಫೋಟೋರೆಕ್ ಹೆಸರಲ್ಲಿ ಫೋಟೋ ಇದ್ದರೂ ಹಾಡುಗಳನ್ನೂ ಹುಡುಕುತ್ತದೆ. ಸಿಕ್ಕಿದ ಫೈಲ್‌ಗಳನ್ನು ಅದೇ ಕಾರ್ಡ್‌ಗೆ ಯಾವತ್ತೂ ಉಳಿಸಬೇಡಿ, ಕಂಪ್ಯೂಟರ್‌ನಲ್ಲಿ ಉಳಿಸಿ. ಫೋಟೋರೆಕ್‌ನಿಂದ ಬಂದ ಹಾಡುಗಳಿಗೆ ಹಳೇ ಫೈಲ್ ಹೆಸರಿರುವುದಿಲ್ಲ. ಸಿನಿಮಾ ಹಾಡಾದರೆ ಒಳಗಿನ ಟ್ಯಾಗ್‌ನಿಂದ ಹೆಸರು ಗೊತ್ತಾಗಬಹುದು. ಮನೆಯಲ್ಲಿ ರೆಕಾರ್ಡ್ ಮಾಡಿದ ದನಿಗೆ ಆ ಚೀಟಿ ಅಂಟಿಸಿದವರು ಯಾರೂ ಇಲ್ಲ. ಒಂದೊಂದನ್ನೇ ಕೇಳಿಯೇ ಗುರುತಿಸಬೇಕು. ದಿನಾಂಕವನ್ನೂ ನಂಬುವಂತಿಲ್ಲ, ಏಕೆಂದರೆ ಅಗ್ಗದ ಪ್ಲೇಯರ್‌ಗಳಲ್ಲಿ ಗಡಿಯಾರವೇ ಸರಿ ಇರುವುದಿಲ್ಲ.

ಹಳೇ ಐಪಾಡ್ ಕ್ಲಾಸಿಕ್ ಒಳಗೆ ತಿರುಗುವ ಸಣ್ಣ ಹಾರ್ಡ್‌ಡಿಸ್ಕ್ ಇರುತ್ತದೆ. ಅದರಿಂದ ‘ಟಿಕ್ ಟಿಕ್’ ಎಂದು ಮೇಲಿಂದ ಮೇಲೆ ಸದ್ದು ಬಂದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಹಾನಿ ಹೆಚ್ಚು. ಅದರಲ್ಲಿರುವುದು ನಿಜಕ್ಕೂ ಬೆಲೆಬಾಳುವ ದನಿಯಾದರೆ ಬೆಂಗಳೂರಿನಂಥ ನಗರಗಳಲ್ಲಿ ಡೇಟಾ ರಿಕವರಿ ಮಾಡುವವರ ಕೈಗೆ ನೇರವಾಗಿ ಕೊಡುವುದೇ ಕ್ಷೇಮ. ಖರ್ಚು ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ.

ಕಂಪ್ಯೂಟರ್ ಗುರುತಿಸುವುದೇ ಇಲ್ಲ, ಆದರೆ ಹಾಡುತ್ತದೆ

ಕೇಬಲ್ ಜಾಗ ಮುರಿದಿದೆ, ಕಂಪ್ಯೂಟರ್‌ಗೆ ಕಾಣುತ್ತಿಲ್ಲ, ಆದರೆ ಇಯರ್‌ಫೋನ್ ಹಾಕಿದರೆ ಹಾಡುತ್ತದೆ ಎಂದಾದರೆ ಕ್ಯಾಸೆಟ್ ಕಾಲದ ಉಪಾಯ ಈಗಲೂ ನಡೆಯುತ್ತದೆ. ಎರಡೂ ತುದಿಯಲ್ಲಿ 3.5 ಎಂಎಂ ಪಿನ್ ಇರುವ ಆಕ್ಸ್ ವೈರ್ ತಂದು, ಒಂದು ತುದಿಯನ್ನು ಪ್ಲೇಯರ್‌ನ ಇಯರ್‌ಫೋನ್ ತೂತಿಗೆ, ಇನ್ನೊಂದನ್ನು ಡೆಸ್ಕ್‌ಟಾಪ್ ಕಂಪ್ಯೂಟರ್ ಹಿಂದಿನ ನೀಲಿ ಬಣ್ಣದ ತೂತಿಗೆ ಹಾಕಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಒತ್ತಿ ಪ್ಲೇಯರ್ ನುಡಿಸಿ. ವಾಲ್ಯೂಮ್ ಮಧ್ಯದಲ್ಲಿರಲಿ, ಪೂರ್ತಿ ಇಟ್ಟರೆ ದನಿ ಒಡೆಯುತ್ತದೆ. ಒಂದು ಗಂಟೆಯ ಬಯಲಾಟಕ್ಕೆ ಒಂದು ಗಂಟೆಯೇ ಬೇಕು. ಆದರೆ ಬೇರೆ ದಾರಿಯೇ ಇಲ್ಲದಾಗ ಇದು ಕೈಹಿಡಿಯುತ್ತದೆ. ಪ್ಲೇಲಿಸ್ಟ್ ಹಾಕಿ ಬಿಟ್ಟರೆ ಕ್ರಮವೂ ಹಾಗೇ ಬರುತ್ತದೆ.

ಮೈಕ್ ಸೆಟ್‌ನವರಿಗೆ ಕ್ರಮವೇ ಬಂಡವಾಳ

ಮದುವೆ, ಗಣೇಶೋತ್ಸವಕ್ಕೆ ಸೌಂಡ್ ಸಿಸ್ಟಂ ಹಾಕುವವರಿಗೆ ಹಾಡಿಗಿಂತ ಹಾಡಿನ ಕ್ರಮ ಮುಖ್ಯ. ಬೆಳಗ್ಗೆ ಸುಪ್ರಭಾತ, ಮುಹೂರ್ತಕ್ಕೆ ನಾದಸ್ವರ, ಊಟದ ಹೊತ್ತಿಗೆ ಮೆಲುವಾದ ಹಾಡು. ವರ್ಷಗಟ್ಟಲೆ ಕೆಲಸ ಮಾಡಿ ಕಟ್ಟಿದ ಈ ಪಟ್ಟಿ ಹೋದರೆ ತಾಳಿ ಕಟ್ಟುವ ಹೊತ್ತಿಗೆ ಡಿಸ್ಕೋ ಹಾಡು ಬಂದು ಮರ್ಯಾದೆ ಹೋಗುತ್ತದೆ.

ಪೆನ್‌ಡ್ರೈವ್ ಹಾಕುವ ಎಷ್ಟೋ ಆಂಪ್ಲಿಫೈಯರ್‌ಗಳು, ಕಾರ್ ಸ್ಟೀರಿಯೊಗಳು ಎಂ3ಯು ಪಟ್ಟಿಯನ್ನು ಓದುವುದಿಲ್ಲ. ಕೆಲವು ಫೈಲ್ ಹೆಸರಿನ ಕ್ರಮದಲ್ಲಿ, ಕೆಲವು ಕಾಪಿಯಾದ ಕ್ರಮದಲ್ಲಿ ನುಡಿಸುತ್ತವೆ. ಎರಡಕ್ಕೂ ಆಗುವ ಪರಿಹಾರವಿದೆ. ಫೈಲ್ ಹೆಸರಿನ ಮುಂದೆ 001, 002, 003 ಎಂದು ನಂಬರ್ ಹಾಕಿ, ಹೊಸದಾಗಿ ಫಾರ್ಮ್ಯಾಟ್ ಮಾಡಿದ ಬೇರೊಂದು ಪೆನ್‌ಡ್ರೈವ್‌ಗೆ ಅದೇ ಕ್ರಮದಲ್ಲಿ ಒಂದೊಂದಾಗಿ ಕಾಪಿ ಮಾಡಿ. ಮುಹೂರ್ತದ ಹಾಡುಗಳಿಗೆ ಪ್ರತ್ಯೇಕ ಪೆನ್‌ಡ್ರೈವ್ ಇಟ್ಟುಕೊಂಡರೆ ಇನ್ನೂ ನಿಶ್ಚಿಂತೆ.

ಅಂಗಡಿಯವರು ಗಮನಿಸಬೇಕಾದ್ದು

‘ಅಣ್ಣಾ, ಇದರಲ್ಲಿರೋ ಹಾಡು ಮೊಬೈಲಿಗೆ ಹಾಕಿ ಕೊಡಿ’ ಎಂದು ಗಿರಾಕಿ ಬಂದಾಗ ಮೊಬೈಲ್, ಕಂಪ್ಯೂಟರ್ ಅಂಗಡಿಯವರು ಕೇಳಬೇಕಾದ ಮೊದಲ ಪ್ರಶ್ನೆ: ‘ಇದರಲ್ಲಿ ನಿಮಗೆ ಬೇಕೇ ಬೇಕಾದ್ದು ಯಾವುದು?’ ಉತ್ತರ ಅಜ್ಜಿಯ ದನಿ ಎಂದಾದರೆ ಫಾರ್ಮ್ಯಾಟ್ ಮಾಡಿ ಹೊಸ ಹಾಡು ತುಂಬಿಸಿಕೊಟ್ಟು ಪ್ರಯೋಜನವಿಲ್ಲ. ಪ್ಲೇಯರ್ ಸ್ಥಿತಿ ಹೇಗಿತ್ತು, ಏನು ತೆಗೆಯಬೇಕು ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಆಮೇಲೆ ಜಗಳವಿಲ್ಲ. ಕೆಲಸ ಮುಗಿದ ಮೇಲೆ ಗಿರಾಕಿಯ ಫೋಟೋ, ರೆಕಾರ್ಡಿಂಗ್‌ಗಳನ್ನು ಅಂಗಡಿ ಕಂಪ್ಯೂಟರ್‌ನಿಂದ ಅವರೆದುರೇ ಅಳಿಸುವುದು ನಂಬಿಕೆ ಉಳಿಸುವ ಕೆಲಸ.

ಕಾನೂನಿನ ಗೆರೆಯೂ ಒಂದಿದೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ಸ್ವಂತ, ಖಾಸಗಿ ಬಳಕೆಗೆ ನ್ಯಾಯವಾದ ಮಿತಿಯಲ್ಲಿ ವಿನಾಯಿತಿ ಕೊಡುತ್ತದೆ. ಆದರೆ ಒಬ್ಬರ ಪ್ಲೇಯರ್‌ನಿಂದ ತೆಗೆದ ಸಿನಿಮಾ ಹಾಡುಗಳನ್ನು ಅಂಗಡಿಯಲ್ಲಿಟ್ಟುಕೊಂಡು, ಬಂದವರ ಕಾರ್ಡ್‌ಗೆಲ್ಲ ದುಡ್ಡಿಗೆ ತುಂಬಿಸುವುದು ಬೇರೆ ಮಾತು. ಅದೇ ಕಾಯ್ದೆಯ 63ನೇ ಕಲಂ ಪ್ರಕಾರ ಕೃತಿಸ್ವಾಮ್ಯ ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡದ ಅವಕಾಶವಿದೆ. ಗಿರಾಕಿಯ ವಸ್ತುವಿನಿಂದ ಗಿರಾಕಿಗೇ ತೆಗೆದುಕೊಟ್ಟು ಕೂಲಿ ಪಡೆಯಿರಿ, ಹಾಡಿನ ಅಂಗಡಿ ಇಡಬೇಡಿ.

ವಾಪಸ್ ಬಂದ ಮೇಲೆ

ಹಾಡು ಕಂಪ್ಯೂಟರ್‌ಗೆ ಬಂತು ಎಂದು ಕೆಲಸ ಮುಗಿಯಲಿಲ್ಲ. ಒಂದೇ ಪ್ರತಿ ಇದ್ದದ್ದಕ್ಕೇ ಇಷ್ಟೆಲ್ಲ ಪಾಡು. ಈಗ ಕನಿಷ್ಠ ಎರಡು ಪ್ರತಿ ಮಾಡಿ, ಎರಡು ಬೇರೆ ಮನೆಗಳಲ್ಲಿಡಿ. ಒಂದು ನಿಮ್ಮಲ್ಲಿ, ಇನ್ನೊಂದು ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ. ವಾಟ್ಸ್ಆ್ಯಪ್ ಗ್ರೂಪ್‌ಗೆ ಕಳಿಸಿದ್ದನ್ನೇ ಬ್ಯಾಕಪ್ ಎಂದುಕೊಳ್ಳಬೇಡಿ, ಮೊಬೈಲ್ ಬದಲಾದಾಗ ಅದೂ ಹೋಗಬಹುದು. ಎಲ್ಲ ಸರಿಯಾಗಿ ಬಂದಿದೆ ಎಂದು ಕೇಳಿ ಖಾತರಿ ಆಗುವವರೆಗೆ ಹಳೇ ಪ್ಲೇಯರ್ ಅಥವಾ ಕಾರ್ಡನ್ನು ಖಾಲಿ ಮಾಡಬೇಡಿ, ಗುಜರಿಗೂ ಹಾಕಬೇಡಿ.

ಕೊನೆಯದಾಗಿ, ಮನೆಯ ರೆಕಾರ್ಡಿಂಗ್‌ಗಳಿಗೆ ಇವತ್ತೇ ಹೆಸರು ಕೊಡಿ. ಯಾರು ಹಾಡಿದ್ದು, ಯಾವ ಪದ, ಯಾರ ಮದುವೆಯಲ್ಲಿ, ಸುಮಾರು ಯಾವ ವರ್ಷ, ಇಷ್ಟನ್ನು ಫೈಲ್ ಹೆಸರಲ್ಲೇ ಬರೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ. ‘ಇದು ದೊಡ್ಡಮ್ಮನ ದನಿ, ಹಿಂದೆ ಕೇಳ್ತಿರೋದು ಚಿಕ್ಕಜ್ಜಂದು’ ಎಂದು ಗುರುತಿಸಬಲ್ಲವರು ಅವರೇ. ಅಳಿಸಿದ ಫೈಲನ್ನು ತಂತ್ರಾಂಶ ಹುಡುಕಿಕೊಡಬಹುದು, ಆದರೆ ಅದು ಯಾರ ದನಿ ಎಂದು ಹೇಳುವ ತಂತ್ರಾಂಶ ಯಾವ ಅಂಗಡಿಯಲ್ಲೂ ಇಲ್ಲ.